ಅಕ್ಕನ ಪರೀಕ್ಷೆ, ನನ್ನ ಗಡಿಯಾರ

ನನ್ನ ಅಕ್ಕನ ಕಥೆ ಹೇಳಬೇಕೆಂದರೆ ಮೊದಲು ನಮ್ಮ ಅಂಗಡಿಯ ಕಥೆ ಹೇಳಬೇಕು. ಮನೆಗೆ ಅವಳು ಮಲಗಲು ಮಾತ್ರ ಬರುವವಳು. ಕೋರ್ಟಿನ ಎದುರಿನ ಗಲ್ಲಿಯಲ್ಲಿ, ಝೆರಾಕ್ಸ್ ಅಂಗಡಿಗೂ ಟೀ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಒಂದೇ ಒಂದು ಕೋಣೆ ನಮ್ಮದು. ಬಾಗಿಲಿನ ಎಡಕ್ಕೆ ಅಕ್ಕನ ಟೈಪ್‌ರೈಟರು, ಬಲಕ್ಕೆ ನನ್ನ ಹೊಲಿಗೆ ಮೆಷಿನ್ನು. ಅವಳು ವಕೀಲರ ಕಾಗದ ಟೈಪು ಮಾಡುತ್ತಾಳೆ, ನಾನು ಅದೇ ವಕೀಲರ ಕರಿಕೋಟು ಹೊಲಿಯುತ್ತೇನೆ. ಕಂಪ್ಯೂಟರು ಬಂದ ಮೇಲೆ ಗಲ್ಲಿಯವರೆಲ್ಲ ಟೈಪ್‌ರೈಟರನ್ನು ಗುಜರಿಗೆ ಹಾಕಿದರು. ಅಕ್ಕ ಹಾಕಲಿಲ್ಲ. ಕರೆಂಟು ಹೋದ ದಿನ ಆ ಕಂಪ್ಯೂಟರಿನವರ ಗಿರಾಕಿಗಳೆಲ್ಲ ನಮ್ಮ ಬಾಗಿಲಲ್ಲೇ ಸಾಲು ನಿಲ್ಲುತ್ತಾರೆ. ಆಗ ನೋಡಬೇಕು ಇವಳ ಗತ್ತನ್ನು!

ಅಕ್ಕನಿಗೆ ನಲವತ್ತೆಂಟು, ನನಗೆ ನಲವತ್ತೊಂದು. ಈಗಲೂ ಗಿರಾಕಿಗಳ ಎದುರಿಗೇ ನನ್ನನ್ನು "ಪುಟ್ಟಿ" ಎಂದು ಕೂಗುತ್ತಾಳೆ. ಎಷ್ಟು ಬೈದರೂ ಅಷ್ಟೇ. ಅಪ್ಪ ಅಮ್ಮ ಬೇಗ ಹೋಗಿಬಿಟ್ಟಿದ್ದರು. ಅವಳು ಇಪ್ಪತ್ತಕ್ಕೆ ಟೈಪ್‌ರೈಟರಿನ ಮುಂದೆ ಕೂತು ನನ್ನನ್ನು ಸಾಕಿದಳು, ಹೊಲಿಗೆ ಕಲಿಸಿದಳು, ಜೊತೆಗೆ ತಾನೂ ಅಂಚೆಯಲ್ಲಿ ಪಾಠ ತರಿಸಿಕೊಂಡು ಡಿಗ್ರಿ ಮುಗಿಸಿದಳು. ಇಬ್ಬರಿಗೂ ಮದುವೆ ಆಗಲಿಲ್ಲ. ಕೇಳುವವರು ಕೆಲವು ವರ್ಷ ಕೇಳಿದರು, ಆಮೇಲೆ ಅವರಿಗೇ ಸುಸ್ತಾಯಿತು.

ಗಲ್ಲಿಯಲ್ಲಿ ಅವಳ ಅಡ್ಡಹೆಸರು "ಓದಿಹೇಳಮ್ಮ". ಕಾಗದ ಟೈಪು ಮಾಡಿ ಮುಗಿಸಿದ ಮೇಲೆ ಸುಮ್ಮನೆ ಕೊಟ್ಟು ಕಳಿಸುವವಳಲ್ಲ. ಗಿರಾಕಿಯನ್ನು ಎದುರಿಗೆ ಕೂರಿಸಿಕೊಂಡು, "ಓದಿ ಹೇಳ್ತೀನಿ, ಸರಿಯಾಗಿ ಕೇಳಿಸ್ಕೊಳ್ಳಿ," ಎಂದು ಮೊದಲ ಅಕ್ಷರದಿಂದ ಕೊನೆಯ ಚುಕ್ಕೆಯವರೆಗೆ ಓದುತ್ತಾಳೆ. ತಿದ್ದಿದ ಕಡೆಯೆಲ್ಲ ಪಕ್ಕದಲ್ಲಿ ಚಿಕ್ಕ ಸಹಿ ಹಾಕಿಸುತ್ತಾಳೆ. ಪ್ರತಿ ಪುಟದ ಕೆಳಗೆ "ತಿದ್ದುಪಡಿ: ಎರಡು" ಎಂದೋ "ತಿದ್ದುಪಡಿ: ಇಲ್ಲ" ಎಂದೋ ಬರೆಯುತ್ತಾಳೆ. ಇಪ್ಪತ್ತೆಂಟು ವರ್ಷದಲ್ಲಿ ಅವಳ ಒಂದೇ ಒಂದು ಕಾಗದವೂ ಕೋರ್ಟಿನಿಂದ ವಾಪಸು ಬಂದಿಲ್ಲ. ಈ ವಿಷಯ ದಿನಕ್ಕೊಂದು ಸಲವಾದರೂ ನನ್ನ ಕಿವಿಗೆ ಬೀಳುತ್ತದೆ.

ಇಂಥವಳಿಗೆ ಲಾ ಕಾಲೇಜಿನ ಹುಚ್ಚು ಹಿಡಿದದ್ದು ಒಬ್ಬ ಅಡುಗೆಯ ಹೆಂಗಸಿನಿಂದ. ಯಾವುದೋ ಹಾಸ್ಟೆಲಿನಲ್ಲಿ ಹನ್ನೊಂದು ವರ್ಷ ದುಡಿದವಳನ್ನು ಕೆಲಸದಿಂದ ತೆಗೆದಿದ್ದರು. ಅವಳ ಪರ ವಕೀಲ, ಇನ್ನೂ ಮೀಸೆ ಸರಿಯಾಗಿ ಬಾರದವನು, ಬರೆದುಕೊಟ್ಟ ಹೇಳಿಕೆಯನ್ನು ಅಕ್ಕ ಟೈಪು ಮಾಡಿ ಓದಿದಳು. "ನಾನು ಸದರಿ ಕೆಲಸವನ್ನು ಬಿಟ್ಟಿರುತ್ತೇನೆ" ಎಂಬ ಸಾಲು ಬಂದಾಗ ಆ ಹೆಂಗಸು, "ನಾನೆಲ್ಲಿ ಬಿಟ್ಟೆ ತಾಯಿ? ಕತ್ತು ಹಿಡಿದು ಆಚೆ ಹಾಕಿದ್ರು," ಎಂದಳು. ಅಕ್ಕ ವಕೀಲನಿಗೆ ಹೇಳಿದಳು. ಅವನು ಗಡಿಯಾರ ನೋಡಿಕೊಳ್ಳುತ್ತಾ, "ಅಮ್ಮಾ, ವಕೀಲ ನಾನು. ನೀವು ಕೊಟ್ಟಿದ್ದನ್ನ ಟೈಪ್ ಮಾಡಿ, ಸಾಕು," ಎಂದ. ಅಕ್ಕ ಆ ಸಾಲನ್ನು ಹಾಗೇ ಬಿಟ್ಟಳು. ಆ ಹೆಂಗಸು ಸಹಿ ಹಾಕಿದಳು, ಅದೇ ಸಾಲಿನ ಮೇಲೆ ಕೇಸು ಸೋತಳು. ಸುದ್ದಿ ಕೇಳಿದ ಮೇಲೆ ಒಂದು ವಾರ ಅಕ್ಕನಿಗೆ ಊಟ ಸೇರಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ಟೈಪ್‌ರೈಟರಿನ ಮುಸುಕು ತೆಗೆಯುತ್ತಾ, "ಪುಟ್ಟಿ, ನಾನು ಲಾ ಓದ್ತೀನಿ," ಎಂದಳು.

ನಾನು ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ನುಂಗುವುದೊಂದು ಬಾಕಿ. "ಈ ವಯಸ್ಸಲ್ಲಾ?"

"ಇನ್ಯಾವ ವಯಸ್ಸಲ್ಲಿ ಓದ್ಲಿ ಹೇಳು? ಹಿಂದಿನ ವಯಸ್ಸು ವಾಪಸ್ ಕೊಡ್ತಾರಾ?"

ಸಂಜೆ ಕಾಲೇಜು, ಮೂರು ವರ್ಷದ ಓದು. ಆದರೆ ಅದಕ್ಕೆ ಪ್ರವೇಶ ಪರೀಕ್ಷೆ ಬರೆಯಬೇಕು. ಎರಡು ಗಂಟೆಯಲ್ಲಿ ನೂರು ಪ್ರಶ್ನೆ. ಎಪ್ಪತ್ತರ ಆಸುಪಾಸು ಮಾರ್ಕು ಬಂದರೆ ಮಾತ್ರ ಸೀಟು. ಗಲ್ಲಿಯ ತುದಿಯಲ್ಲಿ, ಬೇಕರಿಯ ಮಹಡಿಯ ಮೇಲೆ ಇದಕ್ಕೇ ತರಬೇತಿ ಕೊಡುವ ಒಬ್ಬಳು ಹುಡುಗಿ ಟೀಚರ್ ಇದ್ದಳು. ಅಕ್ಕನ ಅರ್ಧ ವಯಸ್ಸಿನವಳು. ಆದರೂ ಅಕ್ಕ ಅವಳಿಗೆ "ಮೇಡಂ" ಎನ್ನುತ್ತಾಳೆ, ಅವಳು ಅಕ್ಕನಿಗೆ "ಅಮ್ಮಾ" ಎನ್ನುತ್ತಾಳೆ.

ಆ ಟೀಚರ್ ಮೊದಲ ದಿನವೇ ಪುಸ್ತಕ ಕೊಡಲಿಲ್ಲ. ಅಂಟಿಸಿದ ಒಂದು ಲಕೋಟೆ ಕೊಟ್ಟಳು. "ಅಮ್ಮಾ, ಇದು ಡಯಾಗ್ನಾಸ್ಟಿಕ್ ಟೆಸ್ಟ್. ಏನೂ ಓದ್ಕೊಳ್ಳದೆ, ಈಗ ನೀವು ಹೇಗಿದೀರೋ ಹಾಗೇ ಮನೆಯಲ್ಲಿ ಕೂತು ಬರೀರಿ. ಎರಡು ಗಂಟೆ ಆದ ತಕ್ಷಣ ಪೆನ್ ಕೆಳಗಿಡಿ. ಎಷ್ಟು ಬಂದ್ರೂ ಪರವಾಗಿಲ್ಲ. ನೀವು ಎಲ್ಲಿದೀರಿ ಅಂತ ಗೊತ್ತಾದ್ರೆ, ಏನು ಓದಿಸಬೇಕು ಅಂತ ನನಗೆ ಗೊತ್ತಾಗುತ್ತೆ."

ಅಕ್ಕ ಬಂದು ಇದನ್ನು ಹೇಳಿದಾಗ ನನಗೆ ತಕ್ಷಣ ಅರ್ಥವಾಯಿತು. ಇದು ನಮ್ಮ ಅಳತೆ ತೆಗೆಯುವ ಕೆಲಸ ತಾನೇ? ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕುವವಳನ್ನು ಯಾರು ದರ್ಜಿ ಅನ್ನುತ್ತಾರೆ? ಆದರೆ ನಮ್ಮ ಕೆಲಸದಲ್ಲಿ ಒಂದು ತೊಂದರೆ ಇದೆ. ಟೇಪು ಸೊಂಟಕ್ಕೆ ಬಂದ ಕೂಡಲೇ ಎಂಥ ದೊಡ್ಡ ವಕೀಲರೂ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾರೆ. ಆ ಅಳತೆಗೆ ಹೊಲಿದರೆ ಕೋರ್ಟಿನಲ್ಲಿ ಎರಡು ಮಾತಾಡುವಷ್ಟರಲ್ಲಿ ಗುಂಡಿ ಹಾರುತ್ತದೆ. ಅದಕ್ಕೇ ನನ್ನ ಅಳತೆ ಪುಸ್ತಕದಲ್ಲಿ ಪ್ರತಿಯೊಬ್ಬರಿಗೂ ಎರಡು ಅಂಕಿ ಇರುತ್ತವೆ. ಅವರ ಮುಂದೆ ಜೋರಾಗಿ ಹೇಳಿದ್ದು ಒಂದು, ಅವರು ಮೈಮರೆತು ಟೀ ಕುಡಿಯುವಾಗ ಕಣ್ಣಳತೆಯಲ್ಲಿ ಹಿಡಿದದ್ದು ಒಂದು. ಎರಡನೆಯದನ್ನು ಪಕ್ಕದಲ್ಲಿ ಚಿಕ್ಕದಾಗಿ ಬರೆಯುತ್ತೇನೆ. ಹೊಲಿಯುವುದು ಅದಕ್ಕೇ.

ಭಾನುವಾರ ಅಂಗಡಿಗೆ ರಜೆ. ಬೆಳಿಗ್ಗೆ ಹತ್ತಕ್ಕೆ ಬಾಗಿಲು ಅರ್ಧ ಮುಚ್ಚಿ, ನನ್ನ ಕಟಿಂಗ್ ಟೇಬಲ್ ಖಾಲಿ ಮಾಡಿ ಅಕ್ಕನನ್ನು ಕೂರಿಸಿದೆ. ಗಡಿಯಾರ ಅವಳ ಬೆನ್ನ ಹಿಂದೆ, ಕನ್ನಡಿಯ ಮೇಲಿತ್ತು. ಕೈಗಡಿಯಾರ ಅವಳು ಕಟ್ಟುವುದಿಲ್ಲ, ಟೈಪು ಮಾಡುವಾಗ ತಗಲುತ್ತದಂತೆ. ಹೊತ್ತು ನೋಡುವ ಜವಾಬ್ದಾರಿ ನನ್ನದು.

"ಹನ್ನೆರಡಾದ ತಕ್ಷಣ ಪೇಪರ್ ಕಿತ್ಕೋಬೇಕು. ಅಕ್ಕ ಅಂತ ನೋಡ್ಬೇಡ," ಎಂದಳು.

"ನಿನ್ನ ಮುಖ ನೋಡಿದ್ರೆ ಯಾರಿಗೂ ಅಕ್ಕ ಅಂತ ಅನ್ಸಲ್ಲ, ಬರಿ ನೀನು," ಎಂದೆ ನಾನು.

ಬರೆಯತೊಡಗಿದಳು. ಅಯ್ಯೋ, ಅದೇನು ಬರೆಯುವುದೋ! ಒಂದೊಂದು ಪ್ರಶ್ನೆಯನ್ನೂ ತುಟಿ ಅಲ್ಲಾಡಿಸುತ್ತಾ, ಅಕ್ಷರ ಅಕ್ಷರ ಓದುತ್ತಿದ್ದಳು. ಎದುರಿಗೆ ಯಾರೋ ಗಿರಾಕಿ ಕೂತು ಕೇಳಿಸಿಕೊಳ್ಳುತ್ತಿದ್ದಾನೋ ಎನ್ನುವ ಹಾಗೆ. ಒಂದು ಉತ್ತರ ಹೊಡೆದುಹಾಕಿ ಇನ್ನೊಂದಕ್ಕೆ ಗುರುತು ಹಾಕಿದರೆ ಪಕ್ಕದಲ್ಲಿ ಚಿಕ್ಕ ಸಹಿ! ಪುಟ ಮುಗಿದರೆ ಕೆಳಗೆ "ತಿದ್ದುಪಡಿ: ಮೂರು"! ನನಗೆ ನಗು ತಡೆಯಲಾಗಲಿಲ್ಲ. ಕೋಟಿನ ತೋಳನ್ನು ಬಾಯಿಗೆ ಒತ್ತಿಕೊಂಡು ನಕ್ಕೆ. ಹನ್ನೊಂದೂವರೆಯ ಹೊತ್ತಿಗೆ ನಗು ನಿಂತುಹೋಯಿತು. ಅವಳ ಮುಂದೆ ಇನ್ನೂ ಅರ್ಧ ಪೇಪರ್ ಬಾಕಿಯಿತ್ತು.

ಹನ್ನೆರಡಾಯಿತು. ನಾನು ಎದ್ದು ಹಿಂದಿನಿಂದ ಇಣುಕಿದೆ. ಅರವತ್ತನಾಲ್ಕನೆಯ ಉತ್ತರಕ್ಕೆ ಗುರುತು ಹಾಕುತ್ತಿದ್ದಳು. ಕತ್ತಿನ ಹಿಂದೆ ಬೆವರು, ಎಡಗೈಯ ಬೆರಳುಗಳು ಮೇಜಿನ ಮೇಲೆ ತಮ್ಮಷ್ಟಕ್ಕೆ ಟೈಪು ಮಾಡುತ್ತಿದ್ದವು. ನನಗಾಗಿ ಇಪ್ಪತ್ತರಲ್ಲಿ ಬೆನ್ನು ಬಗ್ಗಿಸಿದವಳು, ಇಷ್ಟು ವರ್ಷಕ್ಕೆ ತನಗಾಗಿ ಒಂದು ಕಾಗದದ ಮೇಲೆ ಬಗ್ಗಿದ್ದಳು. ಆ ಕಾಗದ ಕಿತ್ತುಕೊಳ್ಳುವುದಕ್ಕೆ ನನಗೆ ಕೈ ಬರಲಿಲ್ಲ. ಸದ್ದಿಲ್ಲದೆ ಸ್ಟೂಲು ಹತ್ತಿ ಗಡಿಯಾರದ ಮುಳ್ಳು ಹಿಂದಕ್ಕೆ ತಿರುಗಿಸಿದೆ. ಅರ್ಧ ಗಂಟೆ ಅಂದುಕೊಂಡಿದ್ದೆ. ಅವಸರದಲ್ಲಿ ಐವತ್ತು ನಿಮಿಷವಾಯಿತು.

ಸ್ಟೂಲು ಇಳಿದವಳು ಅಭ್ಯಾಸಬಲದಿಂದ ಅಳತೆ ಪುಸ್ತಕದಲ್ಲಿ "ಅಕ್ಕ, 64" ಎಂದು ಚಿಕ್ಕದಾಗಿ ಬರೆದಿಟ್ಟೆ.

ಸುಳ್ಳು ಹನ್ನೆರಡಕ್ಕೆ "ಆಯ್ತು, ಪೆನ್ ಇಡು," ಎಂದೆ. ಅವಳು ತೊಂಬತ್ತೊಂದಕ್ಕೆ ಮುಟ್ಟಿದ್ದಳು. "ಯಾಕೋ ಇವತ್ತು ಬೇಗ ಹಸಿವಾಗೋಯ್ತು ಕಣೇ," ಎಂದು ಹೊಟ್ಟೆ ಹಿಡಿದುಕೊಂಡು ಮುಖ ತೊಳೆಯಲು ಹೋದಳು. ಆ ಎರಡು ನಿಮಿಷದಲ್ಲಿ ಮತ್ತೆ ಸ್ಟೂಲು ಹತ್ತಿ ಗಡಿಯಾರ ಸರಿಮಾಡಿದೆ. ಮಾಡಿದ್ದು ಕಳ್ಳತನ, ಆದರೂ ಒಳಗೊಳಗೇ ಖುಷಿ.

ಎಪ್ಪತ್ತೆಂಟು ಮಾರ್ಕು ಬಂತು. ಟೀಚರ್ ಹುಡುಗಿ ಬಾಯಿಬಿಟ್ಟು ನೋಡಿದಳಂತೆ. "ಅಮ್ಮಾ, ಓದದೇನೇ ಇಷ್ಟು ಬಂದಿದೆ! ನಿಮಗೆ ವೇಗದ ಅಭ್ಯಾಸ ಬೇಕಾಗಿಲ್ಲ," ಎಂದು ಅವಳನ್ನು ನೇರವಾಗಿ ಮುಂದಿನ ಬ್ಯಾಚಿಗೆ ಹಾಕಿದಳು. ಅಲ್ಲಿ ದಪ್ಪ ದಪ್ಪ ಪುಸ್ತಕ, ಕಷ್ಟದ ಪಾಠ. ಬೇಗ ಓದಿ ಬೇಗ ಉತ್ತರಿಸುವುದನ್ನು ಕಲಿಸುವ ತರಗತಿ ಪಕ್ಕದ ಕೋಣೆಯಲ್ಲಿತ್ತು. ಅಕ್ಕ ಆ ಕಡೆ ತಿರುಗಿಯೂ ನೋಡಲಿಲ್ಲ. ಅಂಗಡಿಗೆ ಬಂದವರಿಗೆಲ್ಲ ನಾನೇ "ಎಪ್ಪತ್ತೆಂಟು" ಎಂದು ಡಂಗುರ ಹೊಡೆದೆ. ಟೀ ಅಂಗಡಿಯವನು ಅವತ್ತು ಟೀ ಲೋಟ ತುಂಬಾ ಕೊಟ್ಟ.

ಆರು ವಾರ ಕಳೆಯಿತು. ಎರಡನೆಯ ಅಭ್ಯಾಸ ಪರೀಕ್ಷೆ ಟೀಚರ್ ಕೋಣೆಯಲ್ಲೇ ನಡೆಯಿತು. ಅಲ್ಲಿ ಗಂಟೆ ಹೊಡೆದರೆ ಹೊಡೆಯಿತು. ಮಧ್ಯಾಹ್ನ ಅಕ್ಕ ಬಂದಾಗ ನಾನು ಒಂದು ಕೋಟಿಗೆ ಗುಂಡಿ ಹಚ್ಚುತ್ತಿದ್ದೆ. ಅವಳು ಚಪ್ಪಲಿ ಬಿಡುವುದನ್ನೂ ಮರೆತು ತನ್ನ ಕುರ್ಚಿಯಲ್ಲಿ ಕೂತಳು.

"ಐವತ್ತೆಂಟು," ಎಂದಳು. "ಆರು ವಾರ ಓದಿ ಇಪ್ಪತ್ತು ಮಾರ್ಕು ಕಳ್ಕೊಂಡೆ. ಅರವತ್ತೇಳನೇ ಪ್ರಶ್ನೆಯಲ್ಲಿದ್ದೆ, ಗಂಟೆ ಹೊಡೆದ್ಬಿಟ್ರು."

ಸೂಜಿ ನನ್ನ ಬೆರಳಿಗೆ ಚುಚ್ಚಿತು.

"ತಲೆಗೆ ಹತ್ತಲ್ಲ ಪುಟ್ಟಿ. ಓದಿದಷ್ಟೂ ಕಮ್ಮಿ ಆಗ್ತಿದೆ ಅಂದ್ರೆ ಇನ್ನೇನರ್ಥ? ಆ ಹುಡುಗ ವಕೀಲ ಹೇಳಿದ್ದೇ ಸರಿ. ನಾನು ಕೊಟ್ಟಿದ್ದನ್ನ ಟೈಪ್ ಮಾಡೋಕೇ ಲಾಯಕ್ಕು." ಪುಸ್ತಕಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ದಾರ ಕಟ್ಟಿದಳು. "ನಾಳೆ ಮೇಡಂಗೆ ವಾಪಸ್ ಕೊಟ್ಟು ಬರ್ತೀನಿ. ಬೇರೆ ಯಾರಾದ್ರೂ ಓದ್ಕೊಳ್ಳಲಿ."

ಅವಳು ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ. ಮೆಷಿನ್ನಿಗೆ ಹಾಳೆ ಹಾಕಿ, ಬಂದ ಗಿರಾಕಿಯ ಕಾಗದ ಟೈಪು ಮಾಡಿದಳು. ಓದಿ ಹೇಳಲಿಲ್ಲ. ಸುಮ್ಮನೆ ಕೊಟ್ಟು ಕಳಿಸಿದಳು. ಅವಳನ್ನು ಈ ಗತಿಗೆ ತಂದದ್ದು ಆ ಟೀಚರೂ ಅಲ್ಲ, ವಯಸ್ಸೂ ಅಲ್ಲ, ನಾನು.

ಮರುದಿನ ಬೆಳಿಗ್ಗೆ ಅಂಗಡಿ ತೆರೆದು ಕಸ ಗುಡಿಸಿದ ಮೇಲೆ, ಅವಳು ಚೀಲ ಎತ್ತಿಕೊಳ್ಳುವಷ್ಟರಲ್ಲಿ ಬಾಗಿಲಿಗೆ ಅಡ್ಡ ನಿಂತೆ.

"ಅಕ್ಕ, ಆ ಎಪ್ಪತ್ತೆಂಟು ಸುಳ್ಳು."

"ಏನಂದೆ?"

"ಹನ್ನೆರಡಕ್ಕೆ ಗಡಿಯಾರ ಹಿಂದಕ್ಕಿಟ್ಟೆ. ಐವತ್ತು ನಿಮಿಷ. ನಿನಗೆ ಹಸಿವಾಗಿದ್ದು ಸುಮ್ನೆ ಅಲ್ಲ, ಆಗ ಒಂದು ಗಂಟೆ ಆಗ್ತಾ ಬಂದಿತ್ತು."

ಅವಳು ಗಡಿಯಾರ ನೋಡಿದಳು, ಸ್ಟೂಲು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಬೈಯುತ್ತಾಳೆ, ಹೊಡೆದರೂ ಹೊಡೆದಾಳು ಅಂದುಕೊಂಡೆ. ನೇರವಾಗಿ ಹೋಗಿ ತನ್ನ ಕುರ್ಚಿಯಲ್ಲಿ ಕೂತಳು. ಎರಡು ಹಾಳೆಗಳ ನಡುವೆ ಕಾರ್ಬನ್ ಇಟ್ಟು ಮೆಷಿನ್ನಿಗೆ ಸೇರಿಸಿದಳು.

"ಕೂತ್ಕೊಳ್ಳಿ," ಎಂದಳು. ನನಗೆ! ಬಹುವಚನದಲ್ಲಿ! "ಹೆಸರು?"

"ಅಕ್ಕಾ, ತಮಾಷೆ ಮಾಡ್ಬೇಡ."

"ಹೆಸರು ಹೇಳ್ರೀ."

ಹೇಳಿದೆ. "ವಯಸ್ಸು?" ಎಂದಳು.

"ನನ್ನನ್ನ ತೊಟ್ಟಿಲು ತೂಗಿದವಳು ನೀನು, ನಿನಗೆ ಗೊತ್ತಿಲ್ವಾ?"

"ಹೇಳಿಕೆ ಕೊಡೋರೇ ಹೇಳ್ಬೇಕು."

ಟಕಟಕ ಶುರುವಾಯಿತು. ಹೊಲಿಗೆ ಕೆಲಸದವಳಾದ ನಾನು ಪ್ರಮಾಣ ಮಾಡಿ ಹೇಳುವುದೇನೆಂದರೆ, ಇಂಥ ದಿನ, ಇಂಥ ಹೊತ್ತಿಗೆ, ಸದರಿ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಿರುತ್ತೇನೆ. ಸ್ಟೂಲಿನ ಎತ್ತರವನ್ನೂ ಬಿಡಲಿಲ್ಲ ಮಾರಾಯ್ತಿ. ನಡುವೆ ಕೈ ನಿಲ್ಲಿಸಿ, "ಕಾರಣ?" ಎಂದು ಕೇಳಿದಳು.

ಅಲ್ಲಿಯವರೆಗೆ ತಡೆದುಕೊಂಡಿದ್ದೆ. "ನೀನು ಸೋಲೋದನ್ನ ನನ್ನ ಕಣ್ಣಲ್ಲಿ ನೋಡಕ್ಕಾಗ್ಲಿಲ್ಲ ಕಣೇ," ಎಂದು ಜೋರಾಗಿ ಅತ್ತುಬಿಟ್ಟೆ. "ಒಂದು ಸಲಾನಾದ್ರೂ ನಿನಗೆ ಹೊತ್ತು ಸಾಕಾಗ್ಲಿ ಅನ್ನಿಸ್ತು. ಬೇಕಿದ್ರೆ ಏನೋ ತಪ್ಪಾಯ್ತು ಅಂತ ಬರ್ಕೊ."

"ನೀನು ಹೇಳಿದ್ದು ಅದಲ್ಲ," ಎಂದಳು. "ಹೇಳಿದ್ದನ್ನೇ ಬರೀತೀನಿ." ನಿಧಾನವಾಗಿ ಟೈಪು ಮಾಡಿದಳು: ಅಕ್ಕ ಸೋಲುವುದನ್ನು ನನ್ನ ಕಣ್ಣಲ್ಲಿ ನೋಡಲಾಗಲಿಲ್ಲ. ಟೈಪು ಮಾಡುವಾಗ ಅವಳ ಕಣ್ಣೂ ಒದ್ದೆಯಾಗಿತ್ತು. ಹಾಳೆ ತೆಗೆದು, ನನ್ನನ್ನು ಎದುರಿಗೆ ಕೂರಿಸಿಕೊಂಡು, ಮೊದಲ ಅಕ್ಷರದಿಂದ ಕೊನೆಯ ಚುಕ್ಕೆಯವರೆಗೆ ಓದಿ ಹೇಳಿದಳು. ನಾನು ಸಹಿ ಹಾಕಿದೆ. ಕೆಳಗೆ "ತಿದ್ದುಪಡಿ: ಇಲ್ಲ" ಎಂದು ಬರೆದಳು. ಅದಾದ ಮೇಲೆ ಕೈಗೆ ಸಿಕ್ಕ ಸ್ಕೇಲಿನಿಂದ ನನ್ನ ಬೆನ್ನಿಗೆ ಒಂದು ಬಿಟ್ಟಳು. "ಕತ್ತೆ! ಆರು ವಾರ ಹಾಳು ಮಾಡಿದೆ!"

ಅದು ಬಿದ್ದ ಮೇಲೇ ನನಗೆ ಸಮಾಧಾನವಾದದ್ದು.

ಆ ಹೇಳಿಕೆ ಹಿಡಿದು ಇಬ್ಬರೂ ಬೇಕರಿಯ ಮಹಡಿ ಹತ್ತಿದೆವು. ಟೀಚರ್ ನನ್ನ ಅಫಿಡವಿಟ್ ಓದಿ ಮೊದಲು ಬಿದ್ದು ಬಿದ್ದು ನಕ್ಕಳು. ಆಮೇಲೆ ಗಂಭೀರವಾದಳು. "ಅಯ್ಯೋ, ಹನ್ನೆರಡಕ್ಕೆ ನಿಜವಾಗ್ಲೂ ಎಲ್ಲಿದ್ರು ಅನ್ನೋದು ಗೊತ್ತಿದ್ರೆ ಎಷ್ಟು ಚೆನ್ನಾಗಿತ್ತು."

"ಗೊತ್ತಿದೆ," ಎಂದು ನಾನು ಅಳತೆ ಪುಸ್ತಕ ಮುಂದಿಟ್ಟೆ. ಯಾರದೋ ಭುಜದ ಅಳತೆಯ ಕೆಳಗೆ, ಚಿಕ್ಕ ಅಕ್ಷರದಲ್ಲಿ: ಅಕ್ಕ, 64.

ಅವಳು ಹಳೆಯ ಉತ್ತರಪತ್ರಿಕೆ ಹುಡುಕಿ ತೆಗೆದು, ಅರವತ್ತನಾಲ್ಕರವರೆಗೆ ಎಣಿಸಿದಳು. ಐವತ್ತೈದು ಸರಿಯಿದ್ದವು. "ಅಮ್ಮಾ, ಇಲ್ಲಿ ನೋಡಿ. ಇದು ನಿಮ್ಮ ನಿಜವಾದ ಮಾರ್ಕು. ನಿನ್ನೆ ಬಂದಿದ್ದು ಐವತ್ತೆಂಟು. ನೀವು ಕಳ್ಕೊಂಡಿಲ್ಲ, ಮೂರು ಗಳಿಸಿದೀರಿ. ಮುಟ್ಟಿದ ಪ್ರಶ್ನೆಯಲ್ಲೆಲ್ಲ ತಪ್ಪು ಕೈಬೆರಳಲ್ಲಿ ಎಣಿಸೋಷ್ಟು. ನಿಮ್ಮ ತಲೆಗೆ ಏನೂ ಆಗಿಲ್ಲ. ಟೈಪ್ ಮಾಡೋಕೆ ಅನ್ನೋ ಹಾಗೆ ಓದ್ತೀರಿ, ಅಷ್ಟೇ ಕಾಯಿಲೆ. ಅದಕ್ಕೆ ಔಷಧಿ ಪಕ್ಕದ ಕೋಣೇಲಿದೆ."

ಅಕ್ಕ ಐವತ್ತೈದು ಎಂಬ ಅಂಕಿಯನ್ನು ಬಹಳ ಹೊತ್ತು ನೋಡಿದಳು. ಎಪ್ಪತ್ತೆಂಟು ಬಂದಾಗಲೂ ಅವಳ ಮುಖದಲ್ಲಿ ಅಂಥ ನೆಮ್ಮದಿ ನಾನು ಕಂಡಿರಲಿಲ್ಲ. ಪುಸ್ತಕದ ಚೀಲ ಅವಳ ಕೈಯಲ್ಲೇ ಇತ್ತು. ಅದನ್ನು ವಾಪಸು ಕೊಡದೆ ಇಳಿದು ಬಂದಳು.

ಉಳಿದದ್ದು ಹತ್ತು ವಾರ. ಪ್ರತಿ ಭಾನುವಾರ ಅದೇ ಕಟಿಂಗ್ ಟೇಬಲ್, ಅದೇ ಗಡಿಯಾರ. ಆದರೆ ಈಗ ಅದು ಅವಳ ಕಣ್ಣೆದುರಿಗಿತ್ತು, ಸ್ಟೂಲು ಬೀದಿಯಲ್ಲಿತ್ತು. ಚಿಕ್ಕ ಸಹಿ ಹಾಕಲು ಕೈ ಹೋದಾಗಲೆಲ್ಲ ನಾನು ಕತ್ತರಿಯಿಂದ ಟೇಬಲ್ ಕುಟ್ಟುತ್ತಿದ್ದೆ. ಹನ್ನೆರಡಕ್ಕೆ ಪೇಪರ್ ಕಿತ್ತುಕೊಳ್ಳಲು ಒಂದು ಸಲವೂ ಮನಸ್ಸು ಬರಲಿಲ್ಲ, ಆದರೂ ಪ್ರತಿ ಸಲ ಕಿತ್ತುಕೊಂಡೆ. ಅರವತ್ತೊಂದು, ಅರವತ್ತು, ಅರವತ್ತಾರು. ಒಂದು ವಾರ ಇಳಿದು ಇಬ್ಬರೂ ಮುಖ ಊದಿಸಿಕೊಂಡು ಕೂತೆವು. ಪ್ರವೇಶ ಪರೀಕ್ಷೆಯ ದಿನ ಅವಳು ಎಂಬತ್ತಾರನೆಯ ಪ್ರಶ್ನೆಯಲ್ಲಿದ್ದಾಗ ಗಂಟೆ ಹೊಡೆಯಿತಂತೆ. "ಪೆನ್ ಇಟ್ಟೆ. ಬೇಜಾರೇ ಆಗ್ಲಿಲ್ಲ," ಎಂದಳು.

ಎಪ್ಪತ್ತೆರಡು ಬಂತು. ಕೊನೆಯ ಸೀಟು ಎಪ್ಪತ್ತೊಂದಕ್ಕೆ ನಿಂತಿತು. ಸುದ್ದಿ ತಿಳಿದ ದಿನ ನಾನು ಗಲ್ಲಿಯ ನಡುವೆ ನಿಂತು ಕೂಗಿದ ಕೂಗಿಗೆ ಝೆರಾಕ್ಸ್ ಅಂಗಡಿಯವನು ಯಾರೋ ಜಾರಿ ಬಿದ್ದರೆಂದು ಓಡಿ ಬಂದ.

ಆ ಸಂಜೆ ಟೇಪು ತೆಗೆದುಕೊಂಡು ಅವಳ ಮುಂದೆ ನಿಂತೆ. ಇಷ್ಟು ವರ್ಷ ಲೆಕ್ಕವಿಲ್ಲದಷ್ಟು ಕರಿಕೋಟು ಹೊಲಿದಿದ್ದೇನೆ, ನಮ್ಮ ಮನೆಗೆ ಒಂದೂ ಹೊಲಿದಿಲ್ಲ.

"ಈಗ್ಲೇ ಯಾಕೆ? ಓದು ಮುಗಿಯೋಕೆ ಮೂರು ವರ್ಷ ಇದೆ," ಎಂದಳು.

"ಸುಮ್ನೆ ನಿಂತ್ಕೊ. ಕೈ ಎತ್ತು."

ಟೇಪು ಸೊಂಟಕ್ಕೆ ಬಂತು. ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದಳು, ಉಸಿರು ಬಿಗಿಹಿಡಿದಳು. ನಾನು ಟೇಪು ಹಿಡಿದೇ ಕಾದೆ. ಅವಳಿಗೇ ನಗು ಬಂತು. ಉಸಿರು ಬಿಟ್ಟಳು, ಹೊಟ್ಟೆ ತನ್ನ ಜಾಗಕ್ಕೆ ಬಂತು.

"ಇರೋದನ್ನೇ ಬರ್ಕೊ ಪುಟ್ಟಿ," ಎಂದಳು.

ಬರೆದುಕೊಂಡೆ. "ಓದಿ ಹೇಳು," ಎಂದಳು. ಭುಜ, ಎದೆ, ಸೊಂಟ, ತೋಳು ಎಲ್ಲವನ್ನೂ ಓದಿ ಹೇಳಿದೆ. ಅವಳು ಪುಸ್ತಕ ಎಳೆದುಕೊಂಡು, ಪುಟದ ಕೆಳಗೆ "ತಿದ್ದುಪಡಿ: ಇಲ್ಲ" ಎಂದು ಬರೆದು ಚಿಕ್ಕ ಸಹಿ ಹಾಕಿದಳು. ನನ್ನ ಇಡೀ ಅಳತೆ ಪುಸ್ತಕದಲ್ಲಿ ಒಂದೊಂದೇ ಅಂಕಿ ಇರುವುದು ಆ ಪುಟದಲ್ಲಿ ಮಾತ್ರ.